ಅತ್ತೆ ಒಪ್ಪಿಕೊಂಡ ತಪ್ಪು

ನನ್ನ ಸೋದರತ್ತೆಯ ಬಲಗೈಯ ತೋರುಬೆರಳು ಮಡಿಸಲು ಬರುತ್ತಿರಲಿಲ್ಲ. ಕುಯಿಲಿನ ಕಾಲದಲ್ಲಿ ಕುಡುಗೋಲು ತಾಗಿ ನರ ತುಂಡಾದ ಆ ಬೆರಳು ಅನ್ನ ಕಲಸುವಾಗಲೂ ನೆಟ್ಟಗೆ ನಿಂತಿರುತ್ತಿತ್ತು. ಹೊಸಬರಿಗೆ ಅವರು ಸದಾ ಯಾರನ್ನೋ ಗದರಿಸುತ್ತಿರುವಂತೆ ಕಾಣುತ್ತಿದ್ದರು. ನನ್ನನ್ನು ಅವರು ಗದರಿಸಿದ್ದು ಬಹಳ ಕಡಿಮೆ.

ತಾಯಿ ತೀರಿಕೊಂಡ ಮೇಲೆ, ಸುಂಟಿಕೊಪ್ಪದ ಬಳಿ ಇಂಗ್ಲಿಷ್ ದೊರೆಯೊಬ್ಬರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ತಂದೆಯವರು ನನ್ನನ್ನು ಕೊಡ್ಲಿಪೇಟೆಯ ಕಡೆಯ ಹಳ್ಳಿಯಲ್ಲಿದ್ದ ತಮ್ಮ ಅಕ್ಕನ ಬಳಿ ಬಿಟ್ಟರು. ಅತ್ತೆಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ, ಅಕ್ಷರವೂ ತಿಳಿದಿರಲಿಲ್ಲ. ಸಂತೆಗೆ ಹೋಗುವ ಗಾಡಿದಾರಿಯಲ್ಲಿ ಮುಳ್ಳು ಕಂಡರೆ, ತಲೆಯ ಮೇಲಿನ ಹೊರೆಯೊಡನೆಯೇ ನಿಂತು ನನ್ನಿಂದ ಅದನ್ನು ತೆಗೆಸುತ್ತಿದ್ದರು. "ನಾವು ದಾಟ್ಕೊಂಡ್ವಲ್ಲ ಅತ್ತೆ" ಎಂದರೆ, "ಹಿಂದೆ ಬರೋರಿಗೂ ಕಾಲಿವೆ ಕಣವ್ವ" ಎನ್ನುತ್ತಿದ್ದರು.

ಅವರಿಗೆ ಜೊತೆಯೆಂದರೆ ಕೆಳಮನೆಯಾಕೆ ಒಬ್ಬರೇ. ಪ್ರತಿ ಸಂಜೆ ಆಕೆ ನಮ್ಮ ಜಗಲಿಗೆ ಬರುವರು. ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಊರವರನ್ನೆಲ್ಲ ಅಣಕಿಸುವರು. ಅತ್ತೆ ನಗುವುದನ್ನು ನಾನು ಕಂಡದ್ದು ಆ ಹೊತ್ತಿನಲ್ಲಿ ಮಾತ್ರ.

ನನಗೆ ಒಂಬತ್ತು ವರ್ಷವಿದ್ದಾಗ, ಶಾಲೆಗೆ ತಡವಾಯಿತೆಂಬ ಅವಸರದಲ್ಲಿ, ಬೇಲಿಯ ಬಾಯಿಗೆ ಅಡ್ಡ ಹಾಕುವ ಉಣುಗೋಲಿನ ಗಳಗಳನ್ನು ಸರಿಸಿ ಹೋದವಳು ಮತ್ತೆ ಹಾಕಲಿಲ್ಲ. ಕೆಳಮನೆಯ ಎತ್ತು ಒಳನುಗ್ಗಿ ಭತ್ತದ ಸಸಿಮಡಿಯನ್ನು ಮೇಯ್ದಿತು. ಕೊಂಬಿನಿಂದ ಗಳ ಎತ್ತುವ ಚಾಳಿ ಆ ಎತ್ತಿಗೆ ಇದ್ದುದರಿಂದ ಅತ್ತೆ ಬೇರೇನೂ ವಿಚಾರಿಸದೆ, ಸಿಟ್ಟಿನಲ್ಲಿ ಅದನ್ನು ಸರ್ಕಾರದ ದೊಡ್ಡಿಗೆ ಹೊಡೆದುಕೊಂಡು ಹೋಗಿ ಕೂಡಿಸಿದರು. ಎರಡು ದಿನದ ಮೇಲೆ ದಂಡ ತೆತ್ತು ಬಿಡಿಸಿಕೊಂಡು ಬಂದ ಕೆಳಮನೆಯಾಕೆ, ಸಂಜೆ ಎಂದಿನಂತೆಯೇ ಜಗಲಿಗೆ ಬಂದರು.

"ಹಾಳಾದ್ದು, ನಮ್ಮನೆ ಹುಲ್ಲು ರುಚಿಯಿಲ್ವಂತೆ ಅಕ್ಕಯ್ಯ, ನಿನ್ ಮಡಿ ಊಟನೇ ಬೇಕಂತೆ!" ಎಂದು ನಕ್ಕುಬಿಟ್ಟರು.

ಆಕೆ ಹೋದ ಮೇಲೆ ನಾನು ಅಳುತ್ತ ನಿಜ ಹೇಳಿದೆ. ಬೆಳಗ್ಗೆ ಅತ್ತೆ ನನ್ನ ಕೈಹಿಡಿದು ಕೆಳಮನೆಯ ಅಂಗಳಕ್ಕೆ ನಡೆದರು.

"ತಪ್ಪು ನಮ್ದು ಕಣೇ. ಉಣುಗೋಲು ತೆಗೆದಿಟ್ಟಿದ್ದು ನಮ್ ಕಡೆಯೋರೇ. ನಿನ್ ಎತ್ತಿನ ಮೇಲೆ ಹೊರಿಸ್ಬಿಟ್ಟೆ."

ಯಾರು ತೆಗೆದಿಟ್ಟರೆಂದು ಅವರು ಹೇಳಲಿಲ್ಲ. ಆ ಮಾತನ್ನು ನನಗೆ ಬಿಟ್ಟರು. ನಾನು ಹೇಳಿದೆ.

ಕೆಳಮನೆಯಾಕೆಯ ಮುಖ ಬಿಗಿಯಿತು. "ಮಗೂನ ಒಂದ್ ಮಾತು ಕೇಳ್ದಲೇ ದೊಡ್ಡಿಗೆ ಹೊಡೆದ್ರಾ? ನನ್ನನ್ನಾದ್ರೂ ಕೂಗ್ಬಾರ್ದಿತ್ತಾ? ಹೋಗಿ ಅಮ್ಮಾ, ದೊಡ್ಡೋರು ನೀವು."

ಅದುವರೆಗೆ ಅತ್ತೆಯನ್ನು ಆಕೆ 'ನೀವು' ಎಂದದ್ದೇ ಇರಲಿಲ್ಲ. ಅಂದಿನಿಂದ ನಮ್ಮ ಜಗಲಿಗೆ ಬರಲೂ ಇಲ್ಲ. ಕೆಲವು ತಿಂಗಳು ಅತ್ತೆ ಸಂಜೆಯಾದರೆ ಇಬ್ಬರಿಗಾಗುವಷ್ಟು ಎಲೆ ಒರೆಸಿಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು.

ನಮ್ಮ ಮನೆತನದಲ್ಲಿ ಮೊದಲಿಗಳಾಗಿ ಬಿ.ಎ. ಮುಗಿಸಿ ಬಂದ ವರ್ಷ, ಅವರ ಪಕ್ಕದಲ್ಲಿ ಕುಳಿತು ಕೇಳಿದೆ: "ಅವತ್ತು ಸುಮ್ನಿದ್ದಿದ್ರೆ ಆಗ್ತಿತ್ತಲ್ಲ ಅತ್ತೆ?"

"ಆಗ್ತಿತ್ತು" ಎಂದರು. "ಆದ್ರೆ ನೀನು ನೋಡ್ತಿದ್ಯಲ್ಲ."

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಡಿಕೇರಿಯಲ್ಲಿ ಮಕ್ಕಳಿಗೆ ಪೌರನೀತಿ ಬೋಧಿಸುತ್ತಿದ್ದ ನಾನು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಕೊನೆಯ ಹೊತ್ತಿನಲ್ಲಿ ಕೆಳಮನೆಯಾಕೆ ಬಂದಿದ್ದರೇ ಎಂದು ಯಾರನ್ನಾದರೂ ಕೇಳಬೇಕೆಂದು ಅಲ್ಲಿದ್ದ ಮೂರು ದಿನವೂ ಅಂದುಕೊಂಡೆ. ಇಲ್ಲವೆಂಬ ಉತ್ತರ ಬಂದರೆ ತಾಳಿಕೊಳ್ಳುವ ಧೈರ್ಯ ನನಗಿರಲಿಲ್ಲ. ಕೇಳದೆಯೇ ಬಸ್ಸು ಹತ್ತಿದೆ.