ನಾಲಿಗೆಯನ್ನು ನಂಬದ ಕೆಮಿಸ್ಟ್ ಸಾಹೇಬರು

ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೆಮಿಸ್ಟ್ ಸಾಹೇಬರು, ಈ ಭಾಗದಿಂದ ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಕಾಲಿಟ್ಟ ಮೊದಲಿಗರು. ಹಾಗಂತ ಅವರೇ ಹೇಳುತ್ತಿದ್ದರು. ಬೇರೆ ಯಾರೂ ವಿಚಾರಿಸಲು ಹೋಗಲಿಲ್ಲ. ನಿವೃತ್ತರಾದರೂ ಸಿಹಿ ಅಳೆಯುವ ಪುಟ್ಟ ದುರ್ಬೀನು ಅವರ ಜೇಬು ಬಿಡಲಿಲ್ಲ. ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತರೂ, ಅದರ ಗಾಜಿಗೆ ಒಂದು ಹನಿ ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ ಮೇಲೆಯೇ ಕುಡಿಯುವುದು.

"ನಾಲಿಗಿಗೇನ್ ತಿಳೀತದ್ರೀ? ಮೀಟರ್ ಹೇಳಬೇಕು!"

ಅವರ ಮಗಳ ನಿಶ್ಚಯಕ್ಕೆ ದೇವದುರ್ಗದ ಬೀಗರು ಸಕ್ಕರೆ ತಂದರು. ಅದು ಹೆಣ್ಣಿನ ತಂದೆಯ ಬಾಯಿಗೆ ಬಿದ್ದರೆ ಮಾತು ಗಟ್ಟಿ. ಸಾಹೇಬರು ಅದನ್ನು ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿದರು.

"ಹರಳು ಒಂದರಂಗ ಒಂದಿಲ್ರೀ. ಚೀಲಕ್ಕ ನೀರು ತಾಗ್ಯದ."

ವರನ ತಂದೆ ಟವೆಲ್ ಕೊಡವಿ ಎದ್ದೇಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಿಳಿಚಿತು.

ಆಗ ವರನ ಅಜ್ಜಿ ತಟ್ಟೆಯಿಂದ ಒಂದು ಹಿಡಿ ತುಂಬಿಕೊಂಡು, "ಯಪ್ಪಾ, ಸಕ್ಕರಿ ಪರೀಕ್ಷಾ ಮಾಡಾಕ ಕುಂತೀಯೋ, ಮಗಳ್ನ ಕೊಡಾಕ ಕುಂತೀಯೋ?" ಎಂದು ಅಷ್ಟನ್ನೂ ಅವರ ಬಾಯಿಗೆ ತುರುಕಿದಳು. ಮಾತು ಹೊರಡದೆ ಸಾಹೇಬರು ತಲೆಯಾಡಿಸಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಬೀಗರು ಹೋದ ಮೇಲೆ ಸಾಹೇಬರು ಅಂಗೈಗೆ ಅಂಟಿದ್ದನ್ನು ನೆಕ್ಕುತ್ತಾ ನನ್ನ ಕಿವಿಯಲ್ಲಿ ಹೇಳಿದರು: "ನೀರು ತಾಗಿದ್ದು ಖರೆ. ಆದ್ರ ಸಿಹಿ ಅದ ಬಿಡ್ರಿ."

ದುರ್ಬೀನು ಜೇಬಿನಲ್ಲೇ ಇತ್ತು.