ಮಂಚದ ಕೆಳಗಿನ ಬಾತುಕೋಳಿ

ನನ್ನ ಗಂಡನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಊರೂರು ತಿರುಗಿ ಗಾರೆ ಕೆಲಸ ಮಾಡುತ್ತಿದ್ದವರು ಶಿರಾಳಕೊಪ್ಪದ ನಮ್ಮ ಮನೆಯಲ್ಲಿ ಮಂಚ ಹಿಡಿದರು. ಅವರನ್ನು ನೋಡಲು ಬಂದ ನಮ್ಮಣ್ಣ ರಟ್ಟಿನ ಡಬ್ಬಿಯಲ್ಲಿ ಒಂದು ಬಾತಿನ ಮರಿ ತಂದಿದ್ದ. ಅವನ ಊರು ಸೊರಬದ ಕಡೆ, ಕ್ಯಾಸನೂರಿನ ಹತ್ತಿರ, ಕಾಡಿನ ಅಂಚಿಗೆ. ಅತ್ತಿಗೆ ಬಾತಿನ ಮೊಟ್ಟೆಗಳನ್ನು ಕೋಳಿಯ ಕಾವಿಗಿಟ್ಟು ಮಾಡಿಸಿದ ಮರಿಗಳನ್ನೆಲ್ಲ ಮುಂಗುಸಿ ಮುಗಿಸಿ, ಇದೊಂದು ಉಳಿದಿತ್ತಂತೆ.

“ಒಂಟಿ ಮರಿ ಬದುಕೂದಿಲ್ಲ. ಭಾವನ ಮಗ್ಗಲಿಗೆ ಬೆಚ್ಚಗಿರ್ಲಿ,” ಎಂದ.

ಅದು ಬದುಕಿತು. ಅವರ ಎಡಗೈಯ ಅಡಿಯಲ್ಲಿ ಮಲಗಿ, ಅವರ ತಟ್ಟೆಯ ಗಂಜಿ ತಿಂದು ಬೆಳೆಯಿತು. ಅವರ ಬಾಯಿಂದ ಬರುತ್ತಿದ್ದುದು “ಆ... ಆ...” ಎಂಬ ಒಂದೇ ಸದ್ದು. ಅದರಲ್ಲಿ ನೀರು ಯಾವುದು, ನೋವು ಯಾವುದು ಎಂದು ನನಗೆ ತಿಳಿಯುತ್ತಿರಲಿಲ್ಲ. ಬಾತು ಮಾತ್ರ ಪ್ರತಿ ಸಲವೂ ಕತ್ತೆತ್ತಿ ಉತ್ತರ ಕೊಡುತ್ತಿತ್ತು. ಮಧ್ಯಾಹ್ನವೆಲ್ಲ ಇಬ್ಬರೂ ಹಾಗೆ ಮಾತಾಡುತ್ತಿದ್ದರೆ ಅಡುಗೆಮನೆಯಲ್ಲಿದ್ದ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಎರಡನೆಯ ಮಳೆಗಾಲ ಮುಗಿಯುವಾಗ ಅವರು ತೀರಿಕೊಂಡರು. ಅವರನ್ನು ಎತ್ತಿಕೊಂಡು ಹೋದ ಮೇಲೆ ಬಾತು ಖಾಲಿ ಮಂಚದ ಕೆಳಗೆ ಸೇರಿಕೊಂಡಿತು. ಅನ್ನ ಹಾಕಿದರೆ ಮೂಸಿ ನೋಡಲಿಲ್ಲ. ಕೂಗಿ ಕೂಗಿ ಅದರ ಗಂಟಲು ಒಡೆಯಿತು. ನಾನು ಮತ್ತೆ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗತೊಡಗಿದ್ದೆ. ಹೊರಟರೆ ಬಾಗಿಲ ಸಂದಿಗೆ ಕೊಕ್ಕು ತುರುಕಿಕೊಂಡು ನಿಲ್ಲುತ್ತಿತ್ತು.

“ನೀವು ಹೋದ್ರ ಅದು ಬಾಳ ಅಳ್ತದ್ರೀ ಅಕ್ಕಾ,” ಎಂದರು ಪಕ್ಕದ ಮನೆಯ ಟೇಲರ್ ಸಾಬರ ಹೆಂಡತಿ. “ಅದರ ಬಳಗದ ಹತ್ರ ಬಿಡ್ರೀ. ಹಿಂಗೇ ಇದ್ರ ಸಾಯ್ತದ.”

ಬುಟ್ಟಿಯಲ್ಲಿ ಕೂರಿಸಿಕೊಂಡು ಸೊರಬದ ಬಸ್ಸು ಹತ್ತಿದೆ. ಅಣ್ಣನ ಮನೆಯ ಹಿಂದೆ ಸಣ್ಣದೊಂದು ಕೆರೆ, ಅದರಲ್ಲಿ ಅತ್ತಿಗೆಯ ಬಾತುಗಳು. ಹಿಂಡನ್ನು ಕಂಡದ್ದೇ ನಮ್ಮದು ಹೆದರಿ ನನ್ನ ಸೀರೆಯ ನೆರಿಗೆಯೊಳಗೆ ನುಗ್ಗಿತು. “ನೀರು ಕಂಡ್ರೆ ಸರಿಯಾಗ್ತದೆ” ಎಂದು ಅಣ್ಣ ಅದನ್ನೆತ್ತಿ ಕೆರೆಗೆ ಬಿಟ್ಟ. ಎರಡು ಗಂಡು ಬಾತುಗಳು ಬಂದು ಕುತ್ತಿಗೆ ಕಚ್ಚಿ ಹಿಡಿದು, ಬೆನ್ನ ಮೇಲೇರಿ, ತಲೆಯನ್ನು ನೀರಿನೊಳಗೆ ಅದುಮಿದವು. ಅದು ಏಳಲಿಲ್ಲ. ನಾನು ಸೊಂಟದ ತನಕ ಇಳಿದು ಬಿಡಿಸಿ ತಂದೆ. ಕುತ್ತಿಗೆಯ ಗರಿ ಕಿತ್ತು ಹಸಿ ಮಾಂಸ ಕಾಣುತ್ತಿತ್ತು.

ಅತ್ತಿಗೆ ಗಾಯಕ್ಕೆ ಅರಿಶಿನ ಹಚ್ಚುತ್ತ ಅಣ್ಣನಿಗೆ ಬೈದಳು. ಆಮೇಲೆ ನನ್ನ ಕಡೆ ತಿರುಗಿ, “ತಾನು ಬಾತು ಅಂತ್ಲೇ ಇದಕ್ಕೆ ಗೊತ್ತಿಲ್ಲ ಮಾರಾಯ್ತಿ. ಒಂದೇ ಸಲ ಬಿಟ್ರೆ ಹೆಂಗೆ? ಬಲೆ ಕಟ್ಟಿ ಆಚೀಚೆ ಇಡಣ. ಮೊದ್ಲು ಮುಖ ನೋಡ್ಕಳ್ಳಿ” ಎಂದಳು.

ಶಾಲೆಗೆ ರಜೆ ಹೇಳಿ ನಾನು ಕೆಲವು ದಿನ ಅಲ್ಲೇ ಉಳಿದೆ. ಬಾತುಗಳ ಗೂಡಿನ ಪಕ್ಕದಲ್ಲೇ ಹಳೆಯ ಮೀನಿನ ಬಲೆ ಕಟ್ಟಿ ನಮ್ಮದನ್ನು ಅದರೊಳಗೆ ಬಿಟ್ಟೆವು. ಎರಡೂ ಕಡೆ ಒಂದೇ ಹೊತ್ತಿಗೆ ತೌಡು ಕಲಸಿ ಇಡುತ್ತಿದ್ದೆವು. ಹಿಂಡು ತಿನ್ನುವುದನ್ನು ನೋಡಿ ಇದೂ ನಿಧಾನಕ್ಕೆ ಕೊಕ್ಕಿಡತೊಡಗಿತು. ಆಮೇಲೆ ಅತ್ತಿಗೆ, ಯಾರ ತಂಟೆಗೂ ಹೋಗದ ಮುದಿ ಹೆಣ್ಣು ಬಾತೊಂದನ್ನು ಬಲೆಯೊಳಗೆ ಜೊತೆಗೆ ಬಿಟ್ಟಳು. ಅದು ಕಚ್ಚಲಿಲ್ಲ. ನಮ್ಮದೂ ಅದರಿಂದ ಓಡಲಿಲ್ಲ. ಆದರೆ ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಎಲ್ಲ ಬಿಟ್ಟು ಬಂದು ಬಲೆಗೆ ಎದೆಯೊತ್ತಿ ಕೂಗುತ್ತಿತ್ತು. ಗಾಯ ಬಲೆಗೆ ಉಜ್ಜಿ ಮತ್ತೆ ರಕ್ತ ಬರುತ್ತಿತ್ತು.

“ನೀನಿಲ್ಲಿರೂ ತನಕ ಇದು ಹಿಂಡಿಗೆ ಸೇರೂದಿಲ್ಲ,” ಎಂದಳು ಅತ್ತಿಗೆ.

“ಹಂಗಾರೆ ಸಾಯ್ಲಿ ಅಂತ ಬಿಟ್ಟು ಹೋಗ್ಲಾ?”

“ಸಾಯ್ದಂಗೆ ನಾ ನೋಡ್ಕಂತೀನಿ. ನೀ ಹೋಗು.”

ಹೊರಟ ದಿನ ಹಿತ್ತಲ ಕಡೆ ಸುಳಿಯಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮುಂಬಾಗಿಲಿಂದ ಇಳಿದೆ. ಆದರೂ ಅದಕ್ಕೆ ಹೇಗೋ ತಿಳಿಯಿತು. ರಸ್ತೆಯ ತಿರುವಿನ ತನಕ ಆ ಒಡಕು ಗಂಟಲು ಕೇಳುತ್ತಲೇ ಇತ್ತು. ಗಂಡ ಸತ್ತಾಗ ನೆಂಟರ ಮುಂದೆ ಅಳದಿದ್ದವಳು ಬಸ್ಸಿನಲ್ಲಿ ಟಿಕೆಟ್ ಕೇಳಲು ಬಂದ ಕಂಡಕ್ಟರನ ಮುಂದೆ ಅತ್ತೆ.

ಅತ್ತಿಗೆ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದಳು. ಕಚ್ಚಿದ ಎರಡು ಗಂಡು ಬಾತುಗಳಲ್ಲಿ ಜೋರಿನದನ್ನು ಸಂತೆಗೆ ಸಾಗಿಸಿದರು, ಬಲೆ ಬಿಚ್ಚಿದರು. ನಮ್ಮದು ಮುದಿ ಬಾತಿನ ಬೆನ್ನಿಗೇ ನೀರಿಗಿಳಿಯಿತು. ನನಗೆ ಸಮಾಧಾನವಾಗಿತ್ತು. ಚಳಿಗಾಲದಲ್ಲಿ ಆ ಮುದಿ ಬಾತನ್ನು ನರಿ ಹೊತ್ತುಕೊಂಡು ಹೋಯಿತು.

“ನಿಂದು ಮತ್ತೆ ಮೂಲೆ ಹಿಡಿದದೆ,” ಎಂದಳು. “ಬಾಕಿಯವು ಕಚ್ಚೂದಿಲ್ಲ ಈಗ. ಹತ್ರಾನೂ ಸೇರ್ಸೂದಿಲ್ಲ.”

ಬೇಸಿಗೆಯಲ್ಲಿ ಹೋದಾಗ ಹಿತ್ತಲಿಗೆ ಹೋಗದೆ ಕಿಟಕಿಯಿಂದಲೇ ನೋಡಿದೆ. ಹಿಂಡು ಸಾಲಾಗಿ ನೀರಿನಿಂದ ಮೇಲೆ ಬಂತು. ನಮ್ಮದು ಎಲ್ಲಕ್ಕಿಂತ ಹಿಂದೆ, ಅಂತರ ಬಿಟ್ಟು ನಡೆಯುತ್ತಿತ್ತು. ಬೇರೆಯವು ತಿಂದು ಸರಿದ ಮೇಲೆ ಉಳಿದ ತೌಡಿಗೆ ಬಾಯಿ ಹಾಕಿತು.

“ಒಂದ್ಸಲ ಕರಿ ಬೇಕಾರೆ,” ಎಂದಳು ಅತ್ತಿಗೆ.

ಬೇಡ ಅಂದೆ. ನರಿಯ ಭಯಕ್ಕೆ ಬೆಳಕಿರುವಾಗಲೇ ಅವಳು ಎಲ್ಲವನ್ನೂ ಗೂಡಿಗೆ ಅಟ್ಟಿದಳು. ನಮ್ಮದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಒಳಗೆ ಹೋಯಿತು. ಅತ್ತಿಗೆ ಚಿಲಕ ಹಾಕಿದಳು.