ಫರೋ ದ್ವೀಪಕ್ಕೆ ಹೋಗಿಬಂದ ಮದುವೆ ಕಂಬಳಿ

ಕಳೆದ ವರ್ಷ ಜೂನ್‌ನಲ್ಲಿ, ಅಕ್ಕನ ಹಿರಿಯ ಮಗಳ ಮದುವೆಗೆ ನಾಲ್ಕು ದಿನ ಇರುವಾಗ, ಫರೋ ದ್ವೀಪಗಳ ಏಕೈಕ ವಿಮಾನ ನಿಲ್ದಾಣ ಮಂಜಿನಿಂದಾಗಿ ಮುಚ್ಚಿತು. ಅಂದು ಬುಧವಾರ. ಮದುಮಗಳ ಸೋದರಮಾವನಾದ ನಾನು ಅಲ್ಲಿದ್ದೆ. ಅವಳನ್ನು ಕೂರಿಸಬೇಕಾದ ಕಂಬಳಿಯೂ ನನ್ನ ಜೊತೆ ಅಲ್ಲಿಯೇ ಇತ್ತು.

ನಮ್ಮ ಮನೆತನದಲ್ಲಿ ಅರಿಶಿನದ ಶಾಸ್ತ್ರಕ್ಕೆ ಹಾಸುವ ಕರಿಕಂಬಳಿ ಸೋದರಮಾವನ ಮನೆಯಿಂದಲೇ ಬರಬೇಕು. ಅಕ್ಕನ ಮದುವೆಗೆ ನಮ್ಮ ಸೋದರಮಾವ ತಂದಿದ್ದ ಕಂಬಳಿಯನ್ನು ಆಮೇಲೆ ನನಗೆ ಕೊಟ್ಟಿದ್ದರು. ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಅಟ್ಟದಲ್ಲಿ, ಬೇವಿನ ಸೊಪ್ಪಿನ ನಡುವೆ ಅದು ಇತ್ತು. ನಾನು ಕೆಲಸ ಮಾಡುವ ಪತ್ರಿಕೆಯ ಭಾನುವಾರದ ಪುರವಣಿಗೆ ಪ್ರವಾಸ ಲೇಖನ ಬರೆಯಲು ನಾನು ಹೊರಟಾಗ ಅದನ್ನು ಇಳಿಸಿ ನನ್ನ ಚೀಲಕ್ಕೆ ತುರುಕಿದವಳು ಅಕ್ಕನೇ.

"ಅಲ್ಲಿ ಬ್ಯಾಸಗಿನೂ ನಮ್ಮ ಮಾಗಿಗಿಂತ ಥಂಡಿ ಅಂತೆ. ಮದುವಿಗೆ ಇನ್ನೂ ಟೈಮ್ ಐತೆ. ಹೊದ್ಕೊಂಡು ತಿರುಗು, ವಾಪಸ್ ತಂದ್ರೆ ಆತು."

ಫರೋ ಎಂದರೆ ನಾರ್ವೆ ಮತ್ತು ಐಸ್‌ಲ್ಯಾಂಡ್ ನಡುವೆ ಅಟ್ಲಾಂಟಿಕ್ ಸಾಗರದಲ್ಲಿರುವ ಹದಿನೆಂಟು ದ್ವೀಪಗಳು. ಗುಡ್ಡಗಳ ತುಂಬ ಹುಲ್ಲು, ಮರ ಅಪರೂಪ. ಕೆಲವು ಮನೆಗಳ ಮಾಡಿನ ಮೇಲೂ ಹುಲ್ಲು ಬೆಳೆಸಿದ್ದಾರೆ. ದ್ವೀಪದಿಂದ ದ್ವೀಪಕ್ಕೆ ಸಮುದ್ರದ ತಳದ ಕೆಳಗೆ ಕೊರೆದ ಸುರಂಗದಲ್ಲಿ ಕಾರು ಓಡುತ್ತದೆ. ಜನಕ್ಕಿಂತ ಕುರಿ ಹೆಚ್ಚು. ಜೂನ್‌ನಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ. ನಾಳೆ ಏನಾದರೂ ಮಾಡುವುದಿದ್ದರೆ, ನನಗೆ ಸಿಕ್ಕ ಪ್ರತಿಯೊಬ್ಬರೂ "ಹವೆ ಸರಿಯಿದ್ದರೆ" ಎಂಬ ಮಾತು ಸೇರಿಸುತ್ತಿದ್ದರು. ಅದನ್ನು ನಾನು ಟಿಪ್ಪಣಿ ಮಾಡಿಕೊಂಡಿದ್ದೆ. ವಿಮಾನದ ಟಿಕೆಟ್ಟಿಗೂ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ.

"ಮಂಜು ಬಿದ್ರೆ ವಿಮಾನ ಬಿಡಂಗಿಲ್ಲೇನು? ಹಂಗಾದ್ರೆ ಬಸ್ಸಿಗೆ ಬಾ."

"ಸುತ್ತ ಸಮುದ್ರ ಐತಕ್ಕಾ."

"ಹಡಗು?"

"ಅದು ಮೊನ್ನೆನೇ ಹೋತು."

"ಊರೆಲ್ಲ ಸುದ್ದಿ ಬರೀತೀಯ, ಒಂದು ಹಡಗು ಯಾವಾಗ ಹೋಕ್ಕತಿ ಅಂತ ಗೊತ್ತಾಗಲಿಲ್ಲ ನಿಂಗೆ. ನೀನು ಬರದಿದ್ರೆ ಹೆಂಗೋ ಮಾಡ್ತೀವಿ. ಕಂಬಳಿ ಇಲ್ದೆ ಹುಡುಗೀನ ಎಲ್ಲಿ ಕೂರಿಸ್ಲಿ?"

ಪಕ್ಕದ ಹಳ್ಳಿ ಬಾತಿಯಲ್ಲಿರುವ ನೆಂಟರಿಂದ ಒಂದು ಕಂಬಳಿ ತರಿಸಬಹುದು ಎಂದು ಅಕ್ಕನ ಪಕ್ಕದಲ್ಲಿದ್ದ ನನ್ನ ಹೆಂಡತಿ ಹೇಳಿದ್ದು ಫೋನಿನಲ್ಲಿ ಕೇಳಿಸಿತು.

"ಬ್ಯಾಡವ್ವಾ," ಎಂದಳು ಅಕ್ಕ. "ನಾನು ಕುಂತಿದ್ದರ ಮ್ಯಾಲೆ ನನ್ನ ಮಗಳೂ ಕೂರ್ಬೇಕು."

ಮದುವೆ ಮುಂದೂಡುವ ಮಾತೇ ಇರಲಿಲ್ಲ. ಮುಂದೆ ಆಷಾಢ. ಬೀಗರು ಹರಿಹರದಲ್ಲಿ ಕಲ್ಯಾಣ ಮಂಟಪ ಹಿಡಿದಾಗಿತ್ತು.

ಗುರುವಾರವೂ ಮಂಜು ಕರಗಲಿಲ್ಲ. ನಿಲ್ದಾಣಕ್ಕೆ ಹೋಗಿ ವಾಪಸಾಗುವಾಗ ಮಳೆಗೆ ಕಂಬಳಿ ನೆನೆಯಿತು. ನಾನು ಉಳಿದಿದ್ದ ಮನೆಯ ಒಡತಿ ಕುರಿ ಸಾಕುವ ಹೆಂಗಸು. ನಮ್ಮಿಬ್ಬರ ಮಾತು ಅರ್ಧಂಬರ್ಧ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಚುಚ್ಚುವ ಕಂಬಳಿಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, "ಇದನ್ನು ಹೊದ್ದರೆ ನಿದ್ದೆ ಬರುತ್ತದೋ, ಎಚ್ಚರವಾಗುತ್ತದೋ?" ಎಂದು ಕೇಳಿದರು. ಆಮೇಲೆ ಒಣಗಿಸಲು ಮನೆಯ ಹಿಂದಿನ ಶೆಡ್ಡಿಗೆ ಒಯ್ದರು. ಗಾಳಿ ಆಡಲೆಂದು ಹಲಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಶೆಡ್ಡು. ಒಳಗೆ ಕುರಿಯ ತೊಡೆಗಳು ನೇತಾಡುತ್ತಿದ್ದವು. ಅಲ್ಲಿನವರು ಮಾಂಸವನ್ನು ಹೀಗೆ ತಿಂಗಳುಗಟ್ಟಲೆ ಕಡಲಗಾಳಿಗೆ ಒಣಗಿಸಿ ಉಣ್ಣುತ್ತಾರೆ.

ನಾನು ಬಾಗಿಲಲ್ಲೇ ತಡೆದೆ. ಅಕ್ಕನ ಮಗಳು ಮದುವೆಯಲ್ಲಿ ಇದರ ಮೇಲೆ ಕೂರಬೇಕು, ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ ಎಂದು ಹೇಳಿದೆ.

"ಮದುವೆ ಯಾವಾಗ?"

"ಭಾನುವಾರ."

ಅವರು ಕಂಬಳಿಯನ್ನೊಮ್ಮೆ, ಮಂಜಿನಲ್ಲಿ ಕಾಣದ ಗುಡ್ಡವನ್ನೊಮ್ಮೆ ನೋಡಿದರು. "ನಿಮ್ಮ ಅಕ್ಕನ ಹತ್ತಿರ ನನ್ನನ್ನು ಮಾತನಾಡಿಸಬೇಡಿ," ಎಂದು ನಕ್ಕು, ಅದನ್ನು ಅಡುಗೆಮನೆಯ ಒಲೆಯ ಪಕ್ಕ ಎರಡು ಕುರ್ಚಿಗಳ ಮೇಲೆ ಹರಡಿದರು. ಅಂದು ಅವರ ಮನೆಯವರು ನಿಂತುಕೊಂಡೇ ಊಟ ಮಾಡಿದರು.

ಶುಕ್ರವಾರ ಮಧ್ಯಾಹ್ನ ಮಂಜು ಸರಿಯಿತು. ಕೋಪನ್‌ಹೇಗನ್ ತಲುಪಿ ಅಕ್ಕನಿಗೆ ತಿಳಿಸಿದೆ. ಶನಿವಾರ ಸಂಜೆಯ ಅರಿಶಿನವನ್ನು ಅವಳು ಭಾನುವಾರ ನಸುಕಿಗೆ ಸರಿಸಿದಳು. ಬಂದಿದ್ದ ಹಿರಿಯರು ಆಕ್ಷೇಪಿಸಿದ್ದಕ್ಕೆ "ಹವಾ ಸರಿ ಇಲ್ರಿ" ಎಂದಷ್ಟೇ ಹೇಳಿದಳಂತೆ. ಅಂದು ದಾವಣಗೆರೆಯಲ್ಲಿ ಚೆನ್ನಾಗಿ ಬಿಸಿಲಿತ್ತು.

ಬೆಂಗಳೂರಿನಿಂದ ಹಿಡಿದ ಬಸ್ಸು ಭಾನುವಾರ ಬೆಳಕು ಹರಿಯುವ ಮೊದಲು ದಾವಣಗೆರೆ ಮುಟ್ಟಿತು. ನಿಲ್ದಾಣದಲ್ಲಿ ಭಾವ ಬೈಕ್ ಚಾಲೂ ಇಟ್ಟುಕೊಂಡೇ ನಿಂತಿದ್ದರು.

"ಮೊದ್ಲು ಕಂಬಳಿ ಕೊಡು."

ಕೊಟ್ಟೆ. ಮೂಸಿ ನೋಡಿ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದರು.

"ನಾನು, ಭಾವ?"

"ನೀನು ಆಟೋದಾಗೆ ಬಾ."

ನಾನು ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಹುಡುಗಿಯನ್ನು ಕಂಬಳಿಯ ಮೇಲೆ ಕೂರಿಸಿ ಅರಿಶಿನ ಹಚ್ಚುತ್ತಿದ್ದರು. ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಥಂಡಿ ಇತ್ತೇನು?" ಎಂದು ಕೇಳಿದಳು. ಹತ್ತು ಗಂಟೆಗೆ ಎಲ್ಲರೂ ಹರಿಹರದಲ್ಲಿದ್ದೆವು. ಧಾರೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು.

ಅಕ್ಕನ ಕಿರಿಯ ಮಗಳ ಮದುವೆ ಬರುವ ಮಾಘಕ್ಕೆ ನಿಶ್ಚಯವಾಗಿದೆ. ಕಂಬಳಿ ಈಗ ಅಕ್ಕನ ಬೀರುವಿನಲ್ಲಿದೆ, ಬೀಗದ ಕೈ ಅವಳ ಸೊಂಟದಲ್ಲಿ. ಶಾಸ್ತ್ರದ ಹಿಂದಿನ ದಿನ ಅವಳು ಅದನ್ನು ನನ್ನ ಮನೆಗೆ ಕಳಿಸುವುದು, ಮರುದಿನ ಬೆಳಿಗ್ಗೆ ನಾನು ಅದನ್ನು ಅವಳ ಮನೆಗೆ ಹೊತ್ತು ತರುವುದೆಂದು ತೀರ್ಮಾನವಾಗಿದೆ.